ಏಣಿ ತಂತಿಗೆ ತಾಗಿತ್ತು

ಮೂಡಿಗೆರೆ
2 ಫೆಬ್ರುವರಿ 2025

ಹರ್ಷವರ್ಧನನಿಗೆ,

ನಿನ್ನ ಕಾದಂಬರಿ ಓದಿ ಮುಗಿಸಿದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಕೈಮುಗಿದ ಚಿತ್ರ ಕಳಿಸಿ ಸುಮ್ಮನಾಗುತ್ತೀಯ. ಅದಕ್ಕೇ ಅಂಚೆಯಲ್ಲಿ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಈ ಊರಿನಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿದ ಪ್ರೇಮಕುಮಾರಿ ಮೇಡಂ ಬರೆದ ಕಾಗದ ಅನ್ನುವ ಮರ್ಯಾದೆಗಾದರೂ ಉತ್ತರ ಕೊಡು.

ಮೊದಲು ಅರ್ಪಣೆಯ ಮಾತು. 'ಅಳೆಯುವುದನ್ನು ಕಲಿಸಿದ ಮೇಡಂಗೆ' ಅಂತ ಅಚ್ಚು ಹಾಕಿಸಿದ್ದೀಯ. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಲೈಬ್ರರಿಯ ಲಿಂಗಪ್ಪನವರಿಗೆ ತೋರಿಸಿ ಕಾಫಿ ಕುಡಿಸಿದೆ. ಅವರು, ಈಗ ಕಾದಂಬರಿಯಲ್ಲಿ ಫಿಸಿಕ್ಸ್ ಬರುವುದೇ ಫ್ಯಾಷನ್ನು ಮೇಡಂ, ಇವನ್ನೂ ನೋಡಿ ಅಂತ ಇನ್ನೂ ಐದು ಪುಸ್ತಕ ಕೈಗಿಟ್ಟರು. ರಿಟೈರಾದವಳಿಗೆ ಬೇರೇನು ಕೆಲಸ, ಎಲ್ಲ ಓದಿದೆ.

ಏನು ಗತಿ ಬಂತು ಮಾರಾಯ ನಮ್ಮ ಶಾಸ್ತ್ರಕ್ಕೆ. ಒಂದರಲ್ಲಿ ಪ್ರೇಮಿಗಳಿಬ್ಬರು ಹೆಣೆದುಕೊಂಡ ಎಲೆಕ್ಟ್ರಾನುಗಳಂತೆ, ಅವಳು ಬೆಲ್ಜಿಯಮ್ಮಿನಲ್ಲಿ ಸೀನಿದರೆ ಇವನಿಗೆ ಧಾರವಾಡದಲ್ಲಿ ನೆಗಡಿ. ಇನ್ನೊಂದರಲ್ಲಿ ಗಂಡ ಸತ್ತವಳ ದುಃಖ ಕಪ್ಪುರಂಧ್ರ. ಮೂರನೆಯದರ ಪ್ರೊಫೆಸರು ಕಿಟಕಿಯ ಗಾಜಿನ ಮೇಲೆ ಸಮೀಕರಣ ಬರೆಯುತ್ತಾನೆ, ಅನ್ನ ಮಾಡಿಕೊಳ್ಳಲು ಬರುವುದಿಲ್ಲ, ಹೆಂಡತಿ ಬಿಟ್ಟುಹೋಗಿದ್ದಾಳೆ. ಪೆಟ್ಟಿಗೆಯೊಳಗೆ ಸತ್ತೂ ಬದುಕಿಯೂ ಇರುವ ಆ ಬೆಕ್ಕಂತೂ ಎಲ್ಲ ಪುಸ್ತಕದಲ್ಲೂ ಒಮ್ಮೆ ಮುಖ ತೋರಿಸಿ ಹೋಗುತ್ತದೆ. ಸ್ಕ್ರೂಗೇಜಿನ ಝೀರೋ ಎರರ್ ನೋಡುವ ಪಾತ್ರ ಒಂದೂ ಇಲ್ಲ. ಒಂದೇ ರೀಡಿಂಗನ್ನು ಮೂರು ಸಲ ತೆಗೆದು ಸರಾಸರಿ ಹಾಕುವವರು ಯಾರೂ ಇಲ್ಲ. ಯಾರಿಗೂ ಏನೂ ಖಚಿತವಾಗಿ ಗೊತ್ತಾಗುವುದಿಲ್ಲ ಅನ್ನುವುದೊಂದನ್ನೇ ನಮ್ಮ ಅಂಗಡಿಯಿಂದ ಎತ್ತಿಕೊಂಡು ಹೋಗಿದ್ದಾರೆ.

ನಿನ್ನದು ಅವಕ್ಕಿಂತ ಎಷ್ಟೋ ಮೇಲು. ಹದಿಮೂರು ಅಧ್ಯಾಯ ಓದುವವರೆಗೆ ಬೆನ್ನು ತಟ್ಟೋಣ ಅನ್ನಿಸಿತ್ತು. ಹದಿನಾಲ್ಕರಲ್ಲಿ ಮೆಣಸು ಕೊಯ್ಯುವವನೊಬ್ಬ ಅಲ್ಯೂಮಿನಿಯಂ ಏಣಿ ಹಿಡಿದು ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರ ಹತ್ತುತ್ತಾನೆ. ಮೇಲೆ ಹನ್ನೊಂದು ಸಾವಿರ ವೋಲ್ಟಿನ ತಂತಿ. ಒಂದು ಲೋಕದಲ್ಲಿ ಏಣಿ ತಾಗಿತು, ಇನ್ನೊಂದರಲ್ಲಿ ತಾಗಲಿಲ್ಲ, ಅವನು ಇಳಿದು ಮನೆಗೆ ಹೋದ. 'ನೋಡಿದವರಿಲ್ಲದ ಮೇಲೆ ತಾಗಿತ್ತು ಅಂತ ಹೇಳಲು ಯಾರಿಗೂ ಬರುವುದಿಲ್ಲ.' ಈ ವಾಕ್ಯವನ್ನು ಪೇಪರಿನವರೆಲ್ಲ ಹೊಗಳಿದ್ದಾರೆ.

ಹೆಸರು ಬದಲಾಯಿಸಿದರೆ ಗುರುತು ಸಿಗುವುದಿಲ್ಲವೇ? ಅವನು ದೇವೇಂದ್ರ. ನಿನ್ನದೇ ಬೆಂಚಿನಲ್ಲಿ ಕೂತವನು, ಫಿಸಿಕ್ಸಿನಲ್ಲಿ ನಿನಗಿಂತ ಹನ್ನೊಂದು ಮಾರ್ಕು ಹೆಚ್ಚು ತೆಗೆದವನು, ಮುಂದೆ ಓದಲಾಗದೆ ನಿಮ್ಮ ತೋಟಕ್ಕೇ ಕೆಲಸಕ್ಕೆ ಬಂದವನು. 2016ರ ಫೆಬ್ರುವರಿಯಲ್ಲಿ, ದೇವರಮನೆ ರಸ್ತೆಯ ನಿಮ್ಮ ಎಸ್ಟೇಟಿನಲ್ಲಿ ಸತ್ತ. ಕುಡಿದು ಹತ್ತಿ ಆಯ ತಪ್ಪಿ ಬಿದ್ದ ಅಂತ ಪೊಲೀಸರ ಕಾಗದದಲ್ಲಿದೆ. ತಂತಿಯ ಮಾತೇ ಅದರಲ್ಲಿಲ್ಲ. ಊರೂ ಅವನನ್ನು ಕುಡುಕನೆಂದೇ ನೆನೆಯುತ್ತದೆ.

ಅವನ ಮಗಳು ಕವನಾ ಈಗ ಫಸ್ಟ್ ಪಿಯುಸಿ. ತಾಯಿ ಹೆರಿಗೆಯಲ್ಲೇ ಹೋದವಳು, ಗೋಣಿಬೀಡಿನಲ್ಲಿ ಅಜ್ಜಿ ದ್ಯಾವಮ್ಮನ ಜತೆ ಇದ್ದಾಳೆ. ಭಾನುವಾರ ಬಸ್ಸಿಗೆ ಬಂದು ನನ್ನ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಾಳೆ. ನನ್ನ ಮೇಜಿನ ಮೇಲಿದ್ದ ನಿನ್ನ ಪುಸ್ತಕ ತೆಗೆದುಕೊಂಡು ಹೋದವಳು ಕಳೆದ ವಾರ ವಾಪಸು ತಂದಿಟ್ಟು ಕೇಳಿದಳು:

"ತಂತಿ ವಿಷ್ಯ ಯಾರೂ ನಮ್ಗೆ ಹೇಳೇ ಇಲ್ಲ ಮೇಡಂ. ಅಪ್ಪ ಕುಡಿದಿದ್ರು ಅನ್ನೋದು ಮಾತ್ರ ಎಲ್ರಿಗೂ ಗ್ಯಾರಂಟಿ ಗೊತ್ತು. ಏಣಿ ತಾಗಿದ್ದು ಮಾತ್ರ ಯಾರಿಗೂ ಗೊತ್ತಾಗಲ್ವಾ?"

ಬರೆದವನನ್ನೇ ಕೇಳಿ ಹೇಳುತ್ತೇನೆ ಅಂದೆ. ಬರೆದವನು ನೀನು. ಆ ದಿನ ಏನಾಯಿತು ಅಂತ ಆ ಹುಡುಗಿಗೆ ಒಂದು ಪುಟ ಬರೆದು ಕಳಿಸು. ಅವಳ ಅಪ್ಪ ಕುಡುಕನಾಗಿದ್ದನೇ ಇಲ್ಲವೇ ಅನ್ನುವುದು ಅವಳಿಗೆ ಗೊತ್ತಾಗಬೇಕು.

ನಿನ್ನ
ಪ್ರೇಮಕುಮಾರಿ

* * *

ಮೈಸೂರು
24 ಫೆಬ್ರುವರಿ 2025

ಪ್ರೀತಿಯ ಮೇಡಂ,

ನಮಸ್ಕಾರ. ನಿಮ್ಮಿಂದ ಬೈಸಿಕೊಂಡು ಎಷ್ಟು ವರ್ಷವಾಗಿತ್ತು! ಬೆಲ್ಜಿಯಮ್ಮಿನ ನೆಗಡಿ ಓದಿ ಒಬ್ಬನೇ ನಕ್ಕೆ. ನೀವೇ ಬರೆಯಬೇಕಿತ್ತು ಮೇಡಂ, ನಾವೆಲ್ಲ ಪೆನ್ನು ಕೆಳಗಿಡಬೇಕಾಗುತ್ತಿತ್ತು.

ಆದರೆ ಒಂದು ಮಾತು ಒಪ್ಪಿಕೊಳ್ಳಿ. ಕಾದಂಬರಿಯೊಳಗಿನ ಫಿಸಿಕ್ಸ್ ಪರೀಕ್ಷೆ ಬರೆಯಲಿಕ್ಕೆ ಇರುವುದಲ್ಲ. ನಮ್ಮ ಕಾಲದ ಮನುಷ್ಯನಿಗೆ ದೇವರ ಮೇಲೆ ಭಾರ ಹಾಕಲು ಆಗುತ್ತಿಲ್ಲ, ವಿಧಿ ಅನ್ನಲು ನಾಚಿಕೆ. ಗೊತ್ತಿಲ್ಲ ಅನ್ನುವುದನ್ನು ಗೌರವದಿಂದ ಹೇಳಲು ನಮಗೆ ಒಂದು ಭಾಷೆ ಬೇಕಿತ್ತು. ಅದು ಫಿಸಿಕ್ಸಿನಲ್ಲಿ ಸಿಕ್ಕಿತು. ನಾನು ಅನಿಶ್ಚಿತತೆಯನ್ನು ಸೂತ್ರವಾಗಿ ಬಳಸಿಲ್ಲ, ಒಂದು ರೂಪಕವಾಗಿ ಬಳಸಿದ್ದೇನೆ. ಹದಿನಾಲ್ಕನೆಯ ಅಧ್ಯಾಯ ಬರೆಯುವಾಗ ಮೂರು ದಿನ ಊಟ ಮಾಡಿರಲಿಲ್ಲ ಅಂದರೆ ನೀವು ನಂಬುವುದಿಲ್ಲ. ಸತ್ತವನನ್ನು ಇನ್ನೊಂದು ಲೋಕದಲ್ಲಾದರೂ ಮರದಿಂದ ಇಳಿಸಿ ಮನೆಗೆ ಕಳಿಸಿದೆನಲ್ಲ, ಬರಹಗಾರನ ಕೈಲಿ ಇನ್ನೇನು ಆಗುತ್ತದೆ?

ಪಾತ್ರ ಪಾತ್ರವೇ ಮೇಡಂ. ದೇವೇಂದ್ರನ ನೆರಳು ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಕಾದಂಬರಿಯನ್ನು ಹಿಡಿದು ನಿಜ ಎಲ್ಲಿ ಅಂತ ಕೇಳುವುದು ಆ ಮಗುವಿಗೂ ಒಳ್ಳೆಯದಲ್ಲ. ಅವಳಿಗೆ ಪುಸ್ತಕದ ಒಂದು ಪ್ರತಿಯನ್ನು ಸಹಿ ಹಾಕಿ ಬೇರೆಯಾಗಿ ಕಳಿಸಿದ್ದೇನೆ. ಓದುವ ಹುಡುಗಿ ಅಂದಿರಿ, ಸಂತೋಷ.

ಅಪ್ಪನಿಗೆ ಹುಷಾರಿಲ್ಲ. ಯುಗಾದಿಗೆ ಊರಿಗೆ ಬಂದರೆ ನಿಮ್ಮ ಮನೆಗೆ ಬರುತ್ತೇನೆ.

ನಿಮ್ಮ ಶಿಷ್ಯ
ಹರ್ಷ

* * *

ಮೂಡಿಗೆರೆ
16 ಮಾರ್ಚ್ 2025

ಹರ್ಷಾ,

ಸಹಿ ಹಾಕಿದ ಪ್ರತಿ ಬಂತು. 'ಕವನಾಗೆ, ಎಲ್ಲ ಸಾಧ್ಯತೆಗಳ ಹಾರೈಕೆಯೊಂದಿಗೆ' ಅಂತ ಬರೆದಿದ್ದೀಯ. ಅವಳು ಅದನ್ನು ನನ್ನ ಮುಂದಿಟ್ಟು ಲೋಲಕದ ಮೂರು ಲೆಕ್ಕ ಮಾಡಲು ಕೂತಳು. ಮೂರೂ ತಪ್ಪು ಮಾಡಿದಳು. ಹಾಗೆ ತಪ್ಪುವ ಹುಡುಗಿಯಲ್ಲ.

ನಿನ್ನ ರೂಪಕಕ್ಕೆ ಬೆಂಕಿ ಬೀಳಲಿ. ಅನಿಶ್ಚಿತತೆ ಅನ್ನುವುದು ಎಲೆಕ್ಟ್ರಾನಿನಂಥ ಕಣಕ್ಕೆ ಹೇಳಿದ್ದು. ಇಪ್ಪತ್ತೆರಡು ಅಡಿಯ ಏಣಿಗೆ, ಅರವತ್ತು ಕೆಜಿಯ ಗಂಡಸಿಗೆ ಆ ಮಾತು ಸಲ್ಲುವುದಿಲ್ಲ ಅಂತ ಎರಡನೇ ಪಿಯುಸಿಯಲ್ಲೇ ನಿನಗೆ ಹೇಳಿದ್ದೆ. ಏಣಿ ತಾಗಿದರೆ ತಾಗಿತು. ಕರೆಂಟು ಯಾವ ದಾರಿಯಲ್ಲಿ ಇಳಿಯಬೇಕು ಅಂತ ಯೋಚಿಸುತ್ತಾ ಕೂರುವುದಿಲ್ಲ.

ನಿಮ್ಮ ಕಡೆಯ ಪದ್ಧತಿ ನನಗೆ ಗೊತ್ತಿಲ್ಲವೇ? ತಂತಿ ಹಾದ ಕಡೆ ನೆರಳುಮರದ ಕೊಂಬೆ ಸವರಿ ಮರಗಸಿ ಮಾಡುವುದಿರಲಿ, ಮೆಣಸು ಕೊಯ್ಯುವುದಿರಲಿ, ಕಾಗದ ಬರೆದು ಅನುಮತಿ ಕೇಳುವವರು ಯಾರೂ ಇಲ್ಲ. ಲೈನ್‌ಮನ್ನಿಗೆ ಫೋನು ಮಾಡುವುದು, ತೋಟದ ಆಫೀಸಿನ ಫ್ಯಾನು ನಿಂತ ಕೂಡಲೇ ಕರೆಂಟು ತೆಗೆದ ಅಂತ ಗಂಟೆ ಹೊಡೆಯುವುದು, ಗಂಟೆ ಕೇಳಿದವರು ಮರ ಹತ್ತುವುದು. ಇಷ್ಟು ವರ್ಷ ಹಾಗೇ ನಡೆದುಕೊಂಡು ಬಂತು. ಫ್ಯಾನಿಗೆ ಬರುವ ಕರೆಂಟು ಬೇರೆ, ಮೇಲಿನ ತಂತಿಯದು ಬೇರೆ ಅನ್ನುವುದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಮನೆಯ ಕಡೆಯ ಫ್ಯೂಸು ಹೋದರೂ ಫ್ಯಾನು ನಿಲ್ಲುತ್ತದೆ, ತಂತಿ ಜೀವಂತವಾಗೇ ಇರುತ್ತದೆ.

ನಿಮ್ಮ ಹಳೆಯ ಮೇಸ್ತ್ರಿ ಗುರುವಯ್ಯ ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದಾನೆ. ಹೋಟೆಲಿಗೆ ಕರೆದುಕೊಂಡು ಹೋಗಿ ಕೂರಿಸಿ ಕೇಳಿದೆ. ಕಾಫಿ ಲೋಟ ಪಕ್ಕಕ್ಕೆ ಸರಿಸಿ ಹೇಳಿದ. ಆ ದಿನ ಗಂಟೆ ಹೊಡೆದವನು ನೀನೇ. ದೇವೇಂದ್ರ ಏಣಿ ಹಿಡಿದು ನಿಂತು ನಿನ್ನನ್ನು ಕೇಳಿದನಂತೆ: "ಫ್ಯಾನು ನಿಂತ್ರೆ ಮೇಲ್ಗಡೆ ತಂತೀಲಿ ಕರೆಂಟಿಲ್ಲ ಅಂತ ಹೆಂಗೆ ಹೇಳ್ತೀರಿ?" ಒಂದೇ ಬೆಂಚಿನವನು, ಆದರೂ ಆಳುಗಳೆದುರು ನಿನಗೆ ಬಹುವಚನವೇ ಹಾಕುತ್ತಿದ್ದನಂತೆ. ನೀನು ನಕ್ಕು, "ನೀನಿನ್ನೂ ಮೇಡಂ ಕ್ಲಾಸಲ್ಲೇ ಕೂತಿದ್ದೀಯ ಮಾರಾಯ. ಹತ್ತು" ಅಂದೆಯಂತೆ. ಎಲ್ಲರೂ ನಕ್ಕರಂತೆ. ಅವನು ಹತ್ತಿದ. ಗುರುವಯ್ಯ ಆಳುಗಳನ್ನು ಕರೆದುಕೊಂಡು ಕೆಳಗಿನ ಬ್ಲಾಕಿಗೆ ಹೋದ. ಮುಂದಿನದು ಅವನು ನೋಡಿಲ್ಲ.

ಈ ಮಾತನ್ನು ಠಾಣೆಯಲ್ಲಿ ಯಾಕೆ ಹೇಳಲಿಲ್ಲ ಅಂದೆ. ಕೇಳ್ಲಿಲ್ಲ ಮೇಡಂ ಅಂದ.

ಕವನಾ ಪ್ರಾಕ್ಟಿಕಲ್ಲಿಗೆ ಹೋಗಿಲ್ಲ ಅಂತ ಕಾಲೇಜಿನಿಂದ ನನಗೆ ಹೇಳಿಕಳಿಸಿದ್ದರು. ಕೇಳಿದರೆ, ಯಾವುದೂ ಹೇಳಕ್ಕೆ ಬರಲ್ಲ ಅಂದ್ಮೇಲೆ ಯಾಕೆ ಅಳೀಬೇಕು ಮೇಡಂ ಅಂತ ನನಗೇ ತಿರುಗಿಸಿದಳು. ನಿನ್ನ ಪುಸ್ತಕ ಇಷ್ಟು ಕೆಲಸ ಮಾಡಿದೆ.

ಬರೆದುಬಿಡು ಹರ್ಷಾ. ಲ್ಯಾಬ್ ರೆಕಾರ್ಡು ಬರೆಯುತ್ತಿದ್ದೆಯಲ್ಲ, ಹಾಗೆ. ಏನು ಮಾಡಿದೆ, ಏನು ಕಂಡೆ, ಕೊನೆಗೆ ಏನಾಯಿತು. ಕೆಳಗೆ ಸಹಿ, ತಾರೀಕು.

ಪ್ರೇಮಕುಮಾರಿ

* * *

ಮೈಸೂರು
4 ಮೇ 2025

ಮೇಡಂ,

ನಿಮ್ಮ ಕಾಗದ ಬಂದು ಏಳು ವಾರವಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ. ಯುಗಾದಿಗೆ ಊರಿಗೆ ಬಂದಿದ್ದೆ, ನಿಮ್ಮ ಮೆಟ್ಟಿಲವರೆಗೂ ಬಂದು ವಾಪಸು ಹೋದೆ.

ಗುರುವಯ್ಯ ಹೇಳಿದ್ದು ನಿಜ. ತೋಟದೊಳಗೆ ಸಿಗ್ನಲ್ ಇರಲಿಲ್ಲ, ಗೇಟಿನ ಹತ್ತಿರದ ದಿಬ್ಬಕ್ಕೆ ಹೋಗಿ ಲೈನ್‌ಮನ್ನಿಗೆ ಫೋನು ಮಾಡಿದೆ. ಒಂದು ರಿಂಗಾಗಿ ಕಟ್ಟಾಯಿತು. ಮಿಸ್ಡ್ ಕಾಲ್ ನೋಡಿಯೇ ಅವನು ಎಷ್ಟೋ ಸಲ ಕರೆಂಟು ತೆಗೆದಿದ್ದ, ಈ ಸಲವೂ ತೆಗೆಯುತ್ತಾನೆ ಅಂದುಕೊಂಡೆ. ಆಫೀಸಿಗೆ ಬಂದಾಗ ಫ್ಯಾನು ನಿಂತಿತ್ತು. ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರಿನ ಲೋಡಿಗೆ ಫ್ಯೂಸು ಹೋಗಿದೆ ಅಂತ ನನಗೆ ಹೊಳೆಯಲೇ ಇಲ್ಲ. ಗಂಟೆ ಹೊಡೆದೆ.

ಇನ್ನೊಂದು ಸಂಗತಿ ಇದೆ, ಅದು ಗುರುವಯ್ಯನಿಗೂ ಗೊತ್ತಿಲ್ಲ. ಸದ್ದು ಕೇಳಿ ಓಡಿಹೋದವನು ನಾನೇ ಮೊದಲು. ಅವನು ಮರದ ಬುಡದಲ್ಲಿ ಬಿದ್ದಿದ್ದ. ಜೀಪಿನಲ್ಲಿದ್ದ ಬ್ರಾಂದಿ ತಂದು ಬಾಯಿಗೆ ಹುಯ್ದೆ. ಜ್ಞಾನ ತಪ್ಪಿದವರಿಗೆ ನಮ್ಮ ತೋಟದಲ್ಲಿ ತಾತನ ಕಾಲದಿಂದ ಹಾಗೇ ಮಾಡುವುದು. ಅವನು ಅಷ್ಟರಲ್ಲೇ ಹೋಗಿದ್ದ ಮೇಡಂ. ಗಂಟಲಿಗೆ ಇಳಿಯದೆ ಕೆನ್ನೆ, ಕತ್ತು, ಅಂಗಿಯೆಲ್ಲ ಬ್ರಾಂದಿಯಾಯಿತು. ಮಹಜರಿಗೆ ಬಂದವರು ಬಗ್ಗಿ ನೋಡಿ ವಾಸನೆ ಇದೆ ಅಂದರು. ಅಪ್ಪ ನನ್ನ ಮುಖ ನೋಡಿದರು. ನಾನು ಬಾಯಿ ಬಿಡಲಿಲ್ಲ. ಅಂಗೈ ಸುಟ್ಟಿದ್ದನ್ನು ಹಗ್ಗ ಜಾರಿದ ಗಾಯ ಅಂತ ಬರೆದುಕೊಂಡರು, ಆಗಲೂ ಬಾಯಿ ಬಿಡಲಿಲ್ಲ. ದೇವೇಂದ್ರ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು?

ಈಗ ನೀವು ಕೋಪಿಸಿಕೊಳ್ಳಬಾರದು. ಎಲ್ಲರೂ ಹೊಗಳಿದ ಆ ವಾಕ್ಯ ನನ್ನದಲ್ಲ. ಮೂರನೆಯ ದಿನ ನೀವು, ಆಗ ನಮ್ಮ ತೋಟದ ಆಳುಗಳ ಮನೆಯಲ್ಲೇ ಇದ್ದ ದ್ಯಾವಮ್ಮನನ್ನು ನೋಡಲು ಬಂದಿರಿ. ಅವಳು ನಿಮ್ಮ ಸೆರಗು ಹಿಡಿದುಕೊಂಡು, "ನೀವು ಓದಿದೋರು. ನನ್ ಮಗ ಹೆಂಗೆ ಸತ್ತ ಹೇಳಿ" ಅಂದಳು. ನೀವು, ನೋಡಿದವರಿಲ್ಲದ ಮೇಲೆ ತಾಗಿತ್ತು ಅಂತ ಹೇಳಲು ಯಾರಿಗೂ ಬರುವುದಿಲ್ಲ ದ್ಯಾವಮ್ಮ ಅಂದಿರಿ. ತಂತಿಯ ಹೆಸರನ್ನು ನೀವು ಎತ್ತಲಿಲ್ಲ, ಏನು ತಾಗಿದ್ದು ಅಂತ ಅವಳಿಗೆ ತಿಳಿಯಲೂ ಇಲ್ಲ. ನಾನು ಬಾಗಿಲ ಹೊರಗೆ ನಿಂತಿದ್ದೆ. ಫಿಸಿಕ್ಸ್ ಮೇಡಮ್ಮೇ ಹೀಗಂದ ಮೇಲೆ ಹೀಗೇ ಇರಬಹುದು ಅಂತ ಆ ಕ್ಷಣದಲ್ಲಿ ನಂಬಿದೆ. ಒಂಬತ್ತು ವರ್ಷ ಆ ವಾಕ್ಯದ ಆಸರೆಯಲ್ಲೇ ಬದುಕಿದ್ದೇನೆ. ಅರ್ಪಣೆ ನಿಮಗೇಕೆ ಅಂತ ಈಗ ಗೊತ್ತಾಯಿತಲ್ಲ.

ಬರೆಯಬೇಕು ಅನ್ನುವುದು ನನಗೂ ಇದೆ. ನನಗೂ ನಾಲ್ಕು ವರ್ಷದ ಮಗಳಿದ್ದಾಳೆ. ಸ್ವಲ್ಪ ಸಮಯ ಕೊಡಿ.

ಹರ್ಷ

* * *

ಮೂಡಿಗೆರೆ
10 ಜೂನ್ 2025

ಹರ್ಷಾ,

ಹೌದು, ನಾನೇ ಹೇಳಿದ್ದು. ನಿನ್ನ ಪುಸ್ತಕದಲ್ಲಿ ಆ ವಾಕ್ಯ ಕಂಡ ದಿನವೇ ನನಗೆ ಗುರುತು ಸಿಕ್ಕಿತ್ತು. ಸಿಗದವಳಂತೆ ನಿನಗೆ ಎರಡು ಕಾಗದ ಬರೆದೆ, ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ನಾನು ಜಡ್ಜಿಯಾಗಿ ಕೂತೆ. ಥೂ ನನ್ನ.

ನಿನಗೆ ಗೊತ್ತಿಲ್ಲದ್ದು ಇದು. ದ್ಯಾವಮ್ಮನ ಮನೆಗೆ ಬರುವ ಮೊದಲು ನಾನು ಆ ಮರದ ಹತ್ತಿರ ಹೋಗಿದ್ದೆ. ಏಣಿ ಇನ್ನೂ ಅಲ್ಲೇ ಬೇಲಿಗೆ ಒರಗಿಸಿತ್ತು. ಅದರ ತುದಿಯಲ್ಲಿ ಬಟಾಣಿ ಕಾಳಿನಷ್ಟು ಕರಗಿದ ಗುಳಿ, ಸುತ್ತ ಕರಿ. ಅಲ್ಯೂಮಿನಿಯಂ ಹಾಗೆ ಕರಗಬೇಕಾದರೆ ಆರು ನೂರ ಅರವತ್ತು ಡಿಗ್ರಿ ಬೇಕು. ಬಿದ್ದ ಏಟಿಗೆ ಯಾವ ಏಣಿಯೂ ಕರಗುವುದಿಲ್ಲ. ನೋಡಿದವರಿರಲಿಲ್ಲ ನಿಜ, ಆದರೆ ಏಣಿಯಲ್ಲಿ ಎಲ್ಲ ಬರೆದಿತ್ತು, ನಾನು ಓದಿದೆ. ಅಲ್ಲಿಂದ ನಡೆದು ಬಂದು ಆ ತಾಯಿಗೆ ಸುಳ್ಳು ಹೇಳಿದೆ. ಆಮೇಲೆ ಏಣಿಯನ್ನು ನೀವು ಗುಜರಿಗೆ ಹಾಕಿಸಿದ್ದೂ ಕೇಳಿದೆ, ಸುಮ್ಮನಿದ್ದೆ.

ಯಾಕೆ ಅಂತ ನನ್ನನ್ನೇ ಕೇಳಿಕೊಂಡಿದ್ದೇನೆ. ನಿನ್ನ ಅಪ್ಪ ಶಾಂತವೀರಪ್ಪನವರು ನಮ್ಮ ಲ್ಯಾಬಿಗೆ ಆಸಿಲೋಸ್ಕೋಪ್ ಕೊಡಿಸಿದ್ದರು, ಅದರ ಹಂಗು ಅಂದುಕೊಂಡರೆ ಸುಲಭವಾಗುತ್ತಿತ್ತು. ಹಾಗಲ್ಲ. ಆ ಬೆಂಚಿನ ಇಬ್ಬರಲ್ಲಿ ಒಬ್ಬ ಹೋಗಿದ್ದ, ಇನ್ನೊಬ್ಬನಾದರೂ ಉಳಿಯಲಿ ಅನ್ನಿಸಿತು. ಅವನು ಕುಡಿದಿದ್ದ ಅನ್ನುವ ಮಾತು ಊರಿನಲ್ಲಿ ಆಗಿನ್ನೂ ಹುಟ್ಟಿರಲಿಲ್ಲ, ಹುಟ್ಟಿದ ಮೇಲೂ ನಾನು ತಿದ್ದಲಿಲ್ಲ. ಫಿಸಿಕ್ಸನ್ನು ಮೊದಲು ಕಥೆ ಮಾಡಿದವಳು ನಾನು. ನೀನು ನನ್ನಿಂದ ಕಲಿತೆ.

ದ್ಯಾವಮ್ಮ ಮಲಗಿದ್ದಾಳೆ. ಎದೆಯಲ್ಲಿ ನೀರು ತುಂಬಿದೆಯಂತೆ, ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ. ನಿನ್ನೆ ಮಳೆಯಲ್ಲೇ ಗೋಣಿಬೀಡಿಗೆ ಹೋಗಿ ಬಂದೆ. ಅವಳ ಪಕ್ಕ ಕೂತು ಅರ್ಧ ಗಂಟೆ ಹವೆಯ ಮಾತು, ಬಸ್ಸಿನ ಮಾತು ಆಡಿ ಎದ್ದು ಬಂದೆ. ಫೋನು ತಾಗಲಿಲ್ಲ, ಬ್ರಾಂದಿ ಹುಯ್ದದ್ದು ನೀನು, ಇವೆರಡೂ ನಿನ್ನ ಕೈಯಿಂದ ಬಂದರೆ ಅವಳು ನಂಬುತ್ತಾಳೆ. ಒಂದು ಪುಟ ಬರೆ, ಕೆಳಗೆ ನಾನೂ ಸಹಿ ಹಾಕುತ್ತೇನೆ. ಆ ಮುದುಕಿಯ ಉಸಿರು ಇರುವಾಗಲೇ ಓದಿ ಹೇಳಬೇಕು.

ಬೇಗ.

ಪ್ರೇಮಕುಮಾರಿ

* * *

ಮೈಸೂರು
6 ಜುಲೈ 2025

ಮೇಡಂ,

ಬರೆದೆ. ಹನ್ನೆರಡು ದಿನ ಹಿಡಿಯಿತು. ಫೋನು, ಫ್ಯಾನು, ಗಂಟೆ, ಬ್ರಾಂದಿ, ಏನನ್ನೂ ಬಿಟ್ಟಿಲ್ಲ. ಬರೆದು ಮುಗಿಸಿ ಅತ್ತೆ. ಒಂದು ಪುಟದಲ್ಲಿ ಹಿಡಿಯುವ ಸಂಗತಿಯಲ್ಲ ಮೇಡಂ, ಅದಕ್ಕೊಂದು ಆಕಾರ ಬೇಕಿತ್ತು. ಸ್ವಲ್ಪ ಕಾಯಿರಿ, ನಿಮ್ಮ ಕೈಗೆ ಬರುತ್ತದೆ.

ಹರ್ಷ

* * *

ಮೂಡಿಗೆರೆ
31 ಆಗಸ್ಟ್ 2025

ಹರ್ಷವರ್ಧನನಿಗೆ,

ಕೈಗೆ ಬಂತು. ಅಂಚೆಯಲ್ಲಿ ಬಂದದ್ದಲ್ಲ, ಲಿಂಗಪ್ಪನವರು ಲೈಬ್ರರಿಗೆ ಬಂದ ಮಾಸಪತ್ರಿಕೆ ತೋರಿಸಿದರು. 'ಫ್ಯಾನು ನಿಂತ ಹೊತ್ತು', ಕಥೆ, ಹರ್ಷವರ್ಧನ. ಪಕ್ಕದಲ್ಲಿ ಏಣಿಯ ಚಿತ್ರ, ಅದೂ ಬಿದಿರಿನದು.

ಎಲ್ಲ ಇದೆ, ಒಪ್ಪಿದೆ. ಕೊನೆಯ ಪ್ಯಾರಾದಲ್ಲಿ ನಿನ್ನ ನಿರೂಪಕ ಹೇಳುತ್ತಾನೆ, ಇದು ನಡೆದದ್ದೋ, ಅಪರಾಧಿ ಮನಸ್ಸು ಕಟ್ಟಿಕೊಂಡದ್ದೋ, ನೋಡಲು ಹೋದರೆ ನೋಟವೇ ಅದನ್ನು ಬದಲಾಯಿಸಿಬಿಡುತ್ತದೆ ಅಂತ. ಅಷ್ಟು ದೂರ ಬಂದವನು ಕೊನೆಯ ಮೆಟ್ಟಿಲಲ್ಲಿ ಮತ್ತೆ ನನ್ನ ಫಿಸಿಕ್ಸಿನ ಸೆರಗಿನ ಹಿಂದೆ ಅಡಗಿದೆಯಲ್ಲೋ.

ಆ ಪತ್ರಿಕೆ ಹಿಡಿದು ಠಾಣೆಗೆ ಹೋದೆ. ಅಲ್ಲಿದ್ದವರು ಮರ್ಯಾದೆಯಿಂದ ಕೂರಿಸಿ, ಪೂರ್ತಿ ಓದಿ, ಮೇಲೇ ಕಥೆ ಅಂತ ಹಾಕಿದ್ದಾರಲ್ಲ ಮೇಡಂ ಅಂದರು. ನಾನು ಕಂಡದ್ದನ್ನು ಹೇಳಿದೆ. ಏಣಿ ಎಲ್ಲಿದೆ ಅಂದರು. ಒಂಬತ್ತು ವರ್ಷ ಯಾಕೆ ಸುಮ್ಮನಿದ್ದಿರಿ ಅಂದರು. ನನ್ನ ವಯಸ್ಸು ಕೇಳಿದರು. ಆಟೋ ಹತ್ತಿಸಿ ಕಳಿಸಿದರು. ಅವರನ್ನು ಬೈಯಲಿಕ್ಕೆ ನನಗೆ ಯಾವ ಮುಖವಿದೆ. ಮೊನ್ನೆ ಪೇಪರಿನಲ್ಲಿ ಒಬ್ಬರು ನಿನ್ನ ಕಥೆಯನ್ನು 'ಅಪರಾಧಪ್ರಜ್ಞೆಯ ಕ್ವಾಂಟಂ ಕಥನ' ಅಂತ ಕರೆದಿದ್ದಾರೆ. ಇನ್ನು ನೀನು ಬೀದಿಯಲ್ಲಿ ನಿಂತು ನಾನೇ ಮಾಡಿದ್ದು ಅಂತ ಕೂಗಿದರೂ ಚಪ್ಪಾಳೆ ತಟ್ಟುತ್ತಾರೆ.

ದ್ಯಾವಮ್ಮ ಜುಲೈ ಇಪ್ಪತ್ತಾರಕ್ಕೆ ತೀರಿಕೊಂಡಳು. ನಿನ್ನ 'ಸ್ವಲ್ಪ ಕಾಯಿರಿ' ನಂಬಿ ಕಾದೆ. ಹಾಗೆ ಹೇಳಿದರೆ ಅದೂ ಸುಳ್ಳು. ಕಾಯಲು ನೆಪ ಸಿಕ್ಕಿತ್ತು, ಕಾದೆ. ಮಗ ಕುಡಿದು ಸತ್ತ ಅಂದುಕೊಂಡೇ ಅವಳು ಹೋದಳು.

ಕವನಾಗೆ ನಾನೇ ಬರೆಯುತ್ತೇನೆ. ನನಗೆ ನೀನು ಇನ್ನು ಬರೆಯಬೇಕಾಗಿಲ್ಲ.

ಪ್ರೇಮಕುಮಾರಿ

* * *

ಮೂಡಿಗೆರೆ
7 ಸೆಪ್ಟೆಂಬರ್ 2025

ಕವನಾ,

ಎರಡು ತಿಂಗಳಿಂದ ನೀನು ಪಾಠಕ್ಕೆ ಬಂದಿಲ್ಲ, ಎದುರು ಕೂತು ಹೇಳುವ ಧೈರ್ಯವೂ ನನಗಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಫೆಬ್ರುವರಿಯಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಇದು.

ಏಣಿ ತಂತಿಗೆ ತಾಗಿತ್ತು.

ನಿನ್ನ ಅಪ್ಪ ದೇವೇಂದ್ರ ಕುಡಿದಿರಲಿಲ್ಲ. ಆ ದಿನವೂ ಇಲ್ಲ, ಬೇರೆ ಯಾವ ದಿನವೂ ಇಲ್ಲ. ಕರೆಂಟು ತೆಗೆದಿಲ್ಲದಿದ್ದರೂ ತೆಗೆದಿದೆ ಅಂತ ಹರ್ಷವರ್ಧನ ಗಂಟೆ ಹೊಡೆದ. ಇದು ಸರಿಯಲ್ಲ ಅಂತ ನಿನ್ನ ಅಪ್ಪ ಕೇಳಿದ. ಕೇಳಿದ್ದಕ್ಕೆ ನಕ್ಕರು, ಆಮೇಲೆ ಹತ್ತಿದ. ಕರೆಂಟು ಹೊಡೆದು ಬಿದ್ದ. ಬ್ರಾಂದಿ ಅವನ ಬಾಯಿಗೆ ಹುಯ್ದದ್ದು ಸತ್ತ ಮೇಲೆ, ಹುಯ್ದವನು ಹರ್ಷವರ್ಧನ. ಏಣಿಯ ತುದಿ ಕರಗಿದ್ದನ್ನು ಮೂರನೆಯ ದಿನ ನಾನು ಕಣ್ಣಾರೆ ನೋಡಿದೆ. ನೋಡಿಯೂ ನಿನ್ನ ಅಜ್ಜಿಗೆ ಯಾರಿಗೂ ಗೊತ್ತಾಗುವುದಿಲ್ಲ ಅಂದೆ. ಆಗ ನೀನು ಎಂಟು ವರ್ಷದವಳು, ಅಜ್ಜಿಯ ಹಿಂದೆ ಕೂತಿದ್ದೆ.

ನನ್ನ ತರಗತಿಯಲ್ಲಿ ಅವನಷ್ಟು ಚೆನ್ನಾಗಿ ವಿದ್ಯುತ್ತಿನ ಪಾಠ ತಿಳಿದುಕೊಂಡವರು ಬೇರೆ ಯಾರೂ ಇರಲಿಲ್ಲ. ಈ ಕಾಗದವನ್ನು ನೀನು ಯಾರಿಗೆ ಬೇಕಾದರೂ ತೋರಿಸಬಹುದು. ಎಲ್ಲಿಗೆ ಕರೆದರೂ ಬಂದು ಹೇಳುತ್ತೇನೆ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ.

ಕೆ. ಪ್ರೇಮಕುಮಾರಿ
(ಸಹಿ)

* * *

ದೇವರಮನೆ ರಸ್ತೆ
23 ಸೆಪ್ಟೆಂಬರ್ 2025

ಮೇಡಂ ಅವರಿಗೆ,

ನಿಮ್ಮ ಕಾಗದ ಗೋಣಿಬೀಡಿಗೆ ಹೋಗಿ, ಪಕ್ಕದ ಮನೆ ಸಾವಿತ್ರಮ್ಮನ ಹತ್ತಿರ ಇದ್ದು, ಹಬ್ಬಕ್ಕೆ ಹೋದಾಗ ಸಿಕ್ಕಿತು. ನಾನು ಈಗ ಇಲ್ಲಿಯ ಒಂದು ಹೋಂಸ್ಟೇಯಲ್ಲಿ ಕೆಲಸಕ್ಕಿದ್ದೇನೆ. ಕಾಲೇಜು ಬಿಟ್ಟೆ. ಅಜ್ಜಿ ಹೋದ ಮೇಲೆ ಬಿಟ್ಟದ್ದಲ್ಲ, ಮೊದಲೇ ಬಿಟ್ಟಿದ್ದೆ, ಅಜ್ಜಿಗೆ ಹೇಳಿರಲಿಲ್ಲ.

ಹೋದ ವಾರ ಬೆಂಗಳೂರಿನಿಂದ ಬಂದ ಗೆಸ್ಟ್ ಒಬ್ಬರು ಆ ಕಾದಂಬರಿ ತಂದಿದ್ದರು. ಇಲ್ಲೇ ಎಲ್ಲೋ ಆ ಮರ ಇದೆಯಂತಲ್ಲ, ತೋರಿಸ್ತೀಯಾ ಅಂದರು. ತೋರಿಸಿದೆ. ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು.

ನಿಮಗೆ ಒಂದು ವಿಷಯ ಹೇಳಬೇಕು. ಪಕ್ಷದ ಹಬ್ಬಕ್ಕೆ ನಾವು ಹಿರಿಯರಿಗೆ ಎಡೆ ಇಡುತ್ತೇವೆ, ನಿಮಗೆ ಗೊತ್ತು. ಸತ್ತವರಿಗೆ ಏನು ಇಷ್ಟವೋ ಅದನ್ನೇ ಇಡಬೇಕು. ಅಪ್ಪನಿಗೆ ಅಜ್ಜಿ ಪ್ರತಿ ವರ್ಷ ಕಡುಬು, ಕೋಳಿಸಾರು ಜತೆಗೆ ಒಂದು ಕ್ವಾರ್ಟರ್ ಬ್ರಾಂದಿ ಇಡುತ್ತಿದ್ದಳು. ಅಂಗಡಿಯಿಂದ ತರುವವಳು ಅವಳೇ, ಗಂಡಸರ ಮಧ್ಯೆ ನಿಂತು. ಬೇಡ ಅಂತ ಒಂದು ವರ್ಷ ಜಗಳ ಮಾಡಿದೆ. ಆಗ ಅಜ್ಜಿ, "ಬದ್ಕಿದ್ದಾಗ ನಂಗೆ ಹೆದ್ರಿ ಕದ್ದು ಕುಡೀತಿದ್ದ ಅಂತ ಕಾಣ್ತದೆ ಮಗ. ಈಗಾದ್ರೂ ನನ್ನ ಎದುರ್ಗೇ ಕುಡೀಲಿ" ಅಂದಳು. ಒಂಬತ್ತು ಬಾಟಲಿ ಇಟ್ಟಳು.

ಭಾನುವಾರ ಹಬ್ಬ. ಈ ಸಲ ಎರಡು ಎಡೆ, ಅಪ್ಪನದರ ಪಕ್ಕ ಅಜ್ಜಿಯದು. ಬಾಟಲಿ ಇಡಲಿಲ್ಲ. ನಿಮ್ಮ ಕಾಗದವನ್ನು ಅಜ್ಜಿಯ ಎಡೆಯ ಮುಂದೆ ಕೂತು ಓದಿದೆ. ಅವಳಿಗೆ ಕಿವಿ ಮಂದ ಅಂತ ಗಟ್ಟಿಯಾಗಿ ಓದಿದೆ. ಏಣಿಯ ತುದಿ ಯಾಕೆ ಕರಗಿತು, ಕರಗುವ ಬಿಂದು ಅಂದರೆ ಏನು ಅಂತ ಬಿಡಿಸಿಯೂ ಹೇಳಿದೆ. ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು, ಅವರು ಬಂದು ಉಂಡು ಹೋಗುತ್ತಾರೆ ಅನ್ನುತ್ತಾರಲ್ಲ, ಹಾಗೇ ನಿಂತೆ. ಆಮೇಲೆ ಒಳಗೆ ಹೋದೆ. ಎರಡೂ ಎಡೆ ಇಟ್ಟ ಹಾಗೇ ಇತ್ತು.

ದೇವೇಂದ್ರನ ಮಗಳು
ಕವನಾ